ವೈಜ್ಞಾನಿಕ ಚಿತ್ರ, ನಾಟಕಗಳ ವಿಮರ್ಶೆಯಲ್ಲಿ ವಿಜ್ಞಾನದ ದೋಷಗಳಿಗೆ ಎಷ್ಟು ತೂಕ?

ಪ್ರಶ್ನೆ (ದಾವಣಗೆರೆ): ಪತ್ರಿಕೆಯೊಂದಕ್ಕೆ ಸಿನಿಮಾ ಮತ್ತು ರಂಗವಿಮರ್ಶೆ ಬರೆಯುವ ನನಗೆ ವೈಜ್ಞಾನಿಕ ಕಥೆಗಳ ಬಗ್ಗೆ ವಿಶೇಷ ಒಲವಿದೆ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ನೌಕೆ ಸಿಡಿದಾಗ ಚಿತ್ರಮಂದಿರ ನಡುಗುವಂತೆ ಸದ್ದಾದರೆ, ಅದನ್ನು ದೋಷವೆಂದು ಬರೆಯಬೇಕೇ ಅಥವಾ ರಂಜನೆಯ ರೂಢಿಯೆಂದು ಬಿಡಬೇಕೇ? ನಾಟಕಕ್ಕೂ ಇದೇ ಅಳತೆಗೋಲು ಸಲ್ಲುತ್ತದೆಯೇ?

ಉತ್ತರ (ಚಿತ್ರದುರ್ಗ): ಸದ್ದನ್ನು ಕ್ಷಮಿಸಬಹುದು, ಕಥೆ ತಾನೇ ಹಾಕಿಕೊಂಡ ನಿಯಮವನ್ನು ಅನುಕೂಲಕ್ಕೆ ತಕ್ಕಂತೆ ಮುರಿದರೆ ಮಾತ್ರ ಬಿಡಬಾರದು. ಹಾಗೆ ನೋಡಿದರೆ, ನಮ್ಮ ಜಿಲ್ಲೆಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಕೈಬಿಟ್ಟ ಇಸ್ರೋದ ರೆಕ್ಕೆಯ ವಾಹನವು ತಾನಾಗಿಯೇ ತೇಲಿಬಂದು ರನ್‌ವೇಗೆ ಇಳಿದದ್ದು, ಎಷ್ಟೋ ಚಿತ್ರಗಳ ಕ್ಲೈಮ್ಯಾಕ್ಸಿಗಿಂತ ರೋಚಕವಾಗಿತ್ತು.

ಉತ್ತರ (ಹೊಸದುರ್ಗ): ನಾಟಕಕ್ಕೆ ಬೇರೆಯೇ ಅಳತೆ ಬೇಕು. 1921ರಲ್ಲಿ ಪ್ರಾಗ್‌ನ ರಂಗವೇರಿದ ಕಾರೆಲ್ ಚಾಪೆಕ್‌ರ ನಾಟಕದ ರೋಬೋಟ್‌ಗಳು ಲೋಹದ ಯಂತ್ರಗಳಲ್ಲ, ನೋಟಕ್ಕೆ ಮನುಷ್ಯರಂತೆಯೇ ಇರುವ ಕೃತಕ ಜೀವಿಗಳು. ಆದ್ದರಿಂದ ನಟನ ಕತ್ತಿನ ತಿರುವು, ಕಣ್ಣಿನ ನಿಶ್ಚಲತೆ, ಮಾತಿನ ಲಯ ಇವೇ ಅಲ್ಲಿ ತಂತ್ರಜ್ಞಾನ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಕೂತು ನಾಟಕ ನೋಡಿದವರಿಗೆ, ಬೆಳಕಿನ ಒಂದು ವೃತ್ತವೇ ಬೇರೊಂದು ಗ್ರಹವಾಗಬಲ್ಲದೆಂದು ವಿವರಿಸಬೇಕಾಗಿಲ್ಲ. ಅಂಥ ರಂಗದ ಮೇಲೆ ತಗಡಿನ ವೇಷ ತೊಡಿಸಿದರೆ, ಕ್ಷಮಿಸಿ, ನನಗೆ ನಗು ಬರುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಚಿತ್ರದ ಸದ್ದಿನ ಬಗ್ಗೆ ಒಂದು ವಾಕ್ಯವಷ್ಟೇ ಬರೆದು, ಉಳಿದ ಜಾಗವನ್ನು ನಟರಿಗೆ ಕೊಡುತ್ತೇನೆ.