ಜಪಾನಿನ ಸಣ್ಣ ಊರಿನಲ್ಲಿ ಇಂಗ್ಲಿಷ್ ಶಿಕ್ಷಕಿಯ ಕೆಲಸ: ದಿನಚರಿ, ಊಟ, ಚಳಿ ಹೇಗಿರುತ್ತದೆ?

ಪ್ರಶ್ನೆ (ಹಾಸನದ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಸಂಸ್ಥೆಯೊಂದರ ಮೂಲಕ ಜಪಾನಿನ ಶಿಮಾನೆ ಪ್ರಾಂತ್ಯದ ಗುಡ್ಡಗಾಡಿನ ಊರೊಂದರಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕಿಯ ಕೆಲಸ ಸಿಕ್ಕಿದ್ದು, ಏಪ್ರಿಲ್‌ನಲ್ಲಿ ಸೇರಬೇಕಾಗಿದೆ. ಟೋಕಿಯೊ, ಒಸಾಕಾಗಳಲ್ಲಿ ಇರುವವರು ಬರೆದದ್ದು ಬೇಕಾದಷ್ಟು ಸಿಗುತ್ತದೆ, ಆದರೆ ಸಣ್ಣ ಊರಿನ ಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಕೆಲಸವಿರುತ್ತದೆ ಎಂದು ತಿಳಿಸುವವರು ಸಿಕ್ಕಿಲ್ಲ. ನಾವು ಶುದ್ಧ ಸಸ್ಯಾಹಾರಿಗಳು. ಅಮ್ಮನಿಗೆ ಇರುವ ದೊಡ್ಡ ಚಿಂತೆ ಅದೇ. ಅಲ್ಲಿ ಇದ್ದು ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮೂಡಿಗೆರೆ)

ನಮಸ್ಕಾರ ಮೇಡಂ. ನಾನು ಅದೇ ಶಿಮಾನೆಯಲ್ಲಿ ಕೆಲವು ವರ್ಷ ಇದ್ದು ಊರಿಗೆ ಮರಳಿದವಳು. ಪಕ್ಕದ ತೊತ್ತೊರಿಯನ್ನು ಬಿಟ್ಟರೆ ಜಪಾನಿನಲ್ಲಿ ಅತಿ ಕಡಿಮೆ ಜನಸಂಖ್ಯೆಯ ಪ್ರಾಂತ್ಯ ಅದು. ಮಕ್ಕಳಿಲ್ಲದೆ ಶಾಲೆಗಳು ಒಂದೊಂದಾಗಿ ವಿಲೀನಗೊಳ್ಳುತ್ತಿರುವುದನ್ನು ನಮ್ಮ ಮಲೆನಾಡಿನಲ್ಲಿ ಕಂಡಿರುವ ಹಾಗೆಯೇ ಅಲ್ಲಿಯೂ ಕಾಣುತ್ತೀರಿ. ಆದ್ದರಿಂದ ನಿಮಗೆ ಒಂದೇ ಶಾಲೆ ಇರುವುದಿಲ್ಲ. ಒಂದು ಮಾಧ್ಯಮಿಕ ಶಾಲೆ, ಜೊತೆಗೆ ಸುತ್ತಲಿನ ಪ್ರಾಥಮಿಕ ಶಾಲೆಗಳು ಎಂದು ವಾರವನ್ನು ಹಂಚಿರುತ್ತಾರೆ.

ತರಗತಿಯ ಹೊಣೆ ಜಪಾನಿ ಶಿಕ್ಷಕರದ್ದು, ನೀವು ಅವರ ಜೊತೆಗೆ ನಿಂತು ಪಾಠ ಮಾಡುವವರು. ಹಾಸನದಲ್ಲಿ ಇಡೀ ತರಗತಿಯನ್ನು ಸ್ವತಂತ್ರವಾಗಿ ನಡೆಸಿದ ನಿಮಗೆ ಇದು ಮೊದಮೊದಲು ಕೈ ಕಟ್ಟಿಹಾಕಿದಂತೆ ಅನ್ನಿಸಬಹುದು. 2020ರಿಂದ ಜಾರಿಯಲ್ಲಿರುವ ಪಠ್ಯಕ್ರಮದಂತೆ 3 ಮತ್ತು 4ನೇ ತರಗತಿಗೆ ವರ್ಷಕ್ಕೆ 35 ಅವಧಿ ಆಟ, ಹಾಡುಗಳ ಇಂಗ್ಲಿಷ್ ಇದ್ದರೆ, 5 ಮತ್ತು 6ನೇ ತರಗತಿಗೆ 70 ಅವಧಿಗಳ ಅಂಕವಿರುವ ವಿಷಯವೇ ಆಗಿದೆ. ಚಿಕ್ಕ ಮಕ್ಕಳು ನಿಮ್ಮ ಕೈ ಬಿಡುವುದಿಲ್ಲ. ಮಾಧ್ಯಮಿಕ ಶಾಲೆಯ ಮಕ್ಕಳು ಮಾತ್ರ ಉತ್ತರ ಗೊತ್ತಿದ್ದರೂ, ತಪ್ಪಾದರೆ ಎಲ್ಲರ ಎದುರು ಏನಾಗುತ್ತದೋ ಎಂದು ಬಾಯಿ ಬಿಡುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ನಮ್ಮ ಮಕ್ಕಳನ್ನು ನೀವು ಬಲ್ಲಿರಾದರೆ ಅವರನ್ನೂ ಬಲ್ಲಿರಿ, ಮತ್ತು ಈ ತಿಳಿವಳಿಕೆಯೇ ಅಲ್ಲಿ ನಿಮ್ಮ ನಿಜವಾದ ಬಂಡವಾಳ ಎಂದು ನಾನು ನಂಬಿದ್ದೇನೆ.

ಪಾಠಕ್ಕಿಂತ ಹೆಚ್ಚಿನ ಪರಿಚಯ ಬೆಳೆಯುವುದು ಮಧ್ಯಾಹ್ನದ ಊಟದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ನಡೆಯುವ ಶುಚಿಕಾರ್ಯದಲ್ಲಿ. ಸರದಿಯ ಮಕ್ಕಳು ಬಿಳಿ ಟೋಪಿ, ಬಿಳಿ ಮೇಲಂಗಿ, ಮಾಸ್ಕ್ ಧರಿಸಿ ದೊಡ್ಡ ಪಾತ್ರೆಗಳನ್ನು ತರಗತಿಗೇ ಹೊತ್ತು ತಂದು, ಸೌಟಿನಿಂದ ಅಳೆದಂತೆ ಎಲ್ಲರ ಬಟ್ಟಲಿಗೂ ಸಮನಾಗಿ ಬಡಿಸುತ್ತಾರೆ. ಕೊನೆಯ ತಟ್ಟೆ ತುಂಬುವವರೆಗೆ ಯಾರೂ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಶಿಕ್ಷಕರೂ ಅಲ್ಲೇ ಕುಳಿತು ಅದನ್ನೇ ಉಣ್ಣುತ್ತಾರೆ, ಅದಕ್ಕೆ ತಿಂಗಳ ಹಣ ಕಟ್ಟುತ್ತಾರೆ. ಶುಚಿಕಾರ್ಯದ ಹೊತ್ತಿಗೆ ಮಕ್ಕಳು ಕಾರಿಡಾರಿನಲ್ಲಿ ಸಾಲಾಗಿ ಮಂಡಿಯೂರಿ ನೆಲ ಒರೆಸುವಾಗ ನೀವೂ ಒಂದು ಬಟ್ಟೆ ಹಿಡಿಯಿರಿ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ ಅಲ್ಲಿ ತಾನಾಗಿಯೇ ಮಾತಿಗೆ ಬರುತ್ತಾಳೆ.

ಸಸ್ಯಾಹಾರದ ವಿಚಾರವನ್ನು ಮುಚ್ಚಿಡದೆ ಹೇಳಬೇಕು. ಮಾಂಸ, ಮೀನು ಕಣ್ಣಿಗೆ ಕಾಣದ ಸಾರಿನಲ್ಲಿಯೂ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳಿಂದ ತೆಗೆದ ದಾಶಿ ಎಂಬ ರಸ ಇರುತ್ತದೆ. ಬೇಯಿಸಿದ ಕುಂಬಳಕಾಯಿಗೂ ಅದನ್ನೇ ಹಾಕುತ್ತಾರೆ. ಕೊಂಬು ಎಂಬ ಕಡಲಪಾಚಿಯಿಂದ ಮಾಡಿದ ದಾಶಿ ಸಸ್ಯಾಹಾರವೇ ಆದರೂ ಶಾಲೆಯ ಅಡುಗೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಸೇರುವ ಮೊದಲೇ ಸಂಸ್ಥೆಯ ಮೂಲಕ ಶಾಲೆಗೆ ತಿಳಿಸಿ, ಮನೆಯಿಂದ ಡಬ್ಬಿ ತರಲು ಅನುಮತಿ ಪಡೆಯಿರಿ. ಸೂಪರ್ ಮಾರ್ಕೆಟ್ಟಿನಲ್ಲಿ ಬದನೆ, ಬೆಂಡೆ, ಮೂಲಂಗಿ, ಗೆಣಸು, ತೋಫು ಧಾರಾಳವಾಗಿ ಸಿಗುತ್ತವೆ. ತೊಗರಿಬೇಳೆ, ಇಂಗು, ಸಾಸಿವೆಗಳನ್ನು ದೊಡ್ಡ ನಗರಗಳ ಭಾರತೀಯ ಅಂಗಡಿಗಳಿಂದ ಆನ್‌ಲೈನ್‌ನಲ್ಲಿ ತರಿಸಬೇಕು. ಮನೆಯಿಂದ ಹುಳಿಪುಡಿ, ಚಟ್ನಿಪುಡಿ, ಕಾಫಿಪುಡಿ ಒಯ್ಯಿರಿ. ಹಸಿ ಕರಿಬೇವು, ಹಣ್ಣುಗಳನ್ನು ಒಯ್ಯಬೇಡಿ, ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಕೊಡೀನ್ ಅಥವಾ ಸ್ಯೂಡೋಎಫೆಡ್ರಿನ್ ಇರುವ ನೆಗಡಿ, ಕೆಮ್ಮಿನ ಔಷಧಿಗಳ ಮೇಲೆ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ, ಚೀಟಿ ಓದದೆ ಒಂದು ಬಾಟಲಿಯನ್ನೂ ಇಟ್ಟುಕೊಳ್ಳಬೇಡಿ.

ಚಳಿಯ ಮಾತಾದರೆ, ಹೊರಗಿನ ಹಿಮಕ್ಕಿಂತ ಮನೆಯೊಳಗಿನ ಚಳಿಯೇ ಕಷ್ಟ. ಹಳೆಯ ಮನೆಗಳಲ್ಲಿ ಕೂತ ಕೋಣೆಯನ್ನು ಮಾತ್ರ ಸೀಮೆಎಣ್ಣೆ ಸ್ಟೌವಿನಿಂದ ಬೆಚ್ಚಗೆ ಮಾಡುತ್ತಾರೆ, ಆಗಾಗ ಕಿಟಕಿ ತೆರೆದು ಗಾಳಿಯಾಡಿಸಲೇಬೇಕು. ಜೂನ್, ಜುಲೈನ ಮಳೆಗಾಲ ಮತ್ತು ಬಟ್ಟೆಗೆ ಹಿಡಿಯುವ ಬೂಷ್ಟು ನಮ್ಮ ಕಡೆಯವರಿಗೆ ಹೊಸತಲ್ಲ.

ಉತ್ತರ (ಸಕಲೇಶಪುರ, ಈಗ ಯಮಗಾತಾದಲ್ಲಿ)

ಮೇಲಿನ ಮೇಡಂ ಶಾಲೆಯ ಬದುಕನ್ನು ಚೆನ್ನಾಗಿ ತಿಳಿಸಿದ್ದಾರೆ, ನಾನು ಒಪ್ಪಂದದ ಬಗ್ಗೆ ಹೇಳುತ್ತೇನೆ. ಶಾಲೆಗಳಿಗೆ ವಿದೇಶಿ ಸಹಾಯಕ ಶಿಕ್ಷಕರನ್ನು ಕರೆಸಿಕೊಳ್ಳಲು 1987ರಲ್ಲಿ ಆರಂಭವಾದ ಜಪಾನ್ ಸರ್ಕಾರದ ಜೆಟ್ ಯೋಜನೆಯಲ್ಲಿ ಬಂದವರನ್ನು ಸ್ಥಳೀಯ ಆಡಳಿತವೇ ನೇಮಿಸಿಕೊಳ್ಳುತ್ತದೆ, ವರ್ಷವರ್ಷ ನವೀಕರಿಸುತ್ತ ಗರಿಷ್ಠ 5 ವರ್ಷ ಇರಬಹುದು. ಖಾಸಗಿ ಸಂಸ್ಥೆಯ ಮೂಲಕ ಬರುವವರ ಯಜಮಾನ ಆ ಸಂಸ್ಥೆ. ನಾನು ಮೊದಲು ಸೇರಿದ ಸಂಸ್ಥೆ ಶಾಲೆಗೆ ರಜೆಯೆಂದು ಆಗಸ್ಟ್ ತಿಂಗಳ ಸಂಬಳವನ್ನು ಬಹಳ ಕಡಿತ ಮಾಡಿತ್ತು. ರಜೆಯ ತಿಂಗಳುಗಳ ಸಂಬಳ, ಆರೋಗ್ಯ ವಿಮೆ, ಮನೆಯ ಮುಂಗಡ ಇವು ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ವಿಮೆ ಇದ್ದರೆ ಸಾಮಾನ್ಯವಾಗಿ ಆಸ್ಪತ್ರೆ ಖರ್ಚಿನ ಶೇಕಡಾ 30 ಮಾತ್ರ ನಿಮ್ಮ ಪಾಲಿಗೆ ಬರುತ್ತದೆ.

ವೀಸಾಕ್ಕೆ ಪದವಿಯ ಜೊತೆಗೆ, ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತಾರೆ. ಶಾಲೆ, ಕಾಲೇಜುಗಳಿಂದ ಮಾಧ್ಯಮದ ಪ್ರಮಾಣಪತ್ರಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ ಒಳ್ಳೆಯ ಇಂಗ್ಲಿಷ್ ಶಿಕ್ಷಕರಿಗೆ ಈ ನಿಯಮದಿಂದ ಬಾಗಿಲು ಮುಚ್ಚಿದಂತಾಗುವುದು ನನಗೆ ಇಂದಿಗೂ ನೋವಿನ ಸಂಗತಿ.

ಬಸ್ಸುಗಳು ಅಪರೂಪವಾದ ಕಡೆ ಕಾರು ಬೇಕೇ ಬೇಕು. ವಾಹನಗಳು ನಮ್ಮಂತೆ ಎಡಬದಿಯಲ್ಲೇ ಚಲಿಸುತ್ತವೆ. ಹಾಸನದ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಬಂದರೆ ಗರಿಷ್ಠ ಒಂದು ವರ್ಷ ನಡೆಯುತ್ತದೆ, ಆಮೇಲೆ ಇಲ್ಲಿನ ಪರವಾನಗಿ ಪಡೆಯಬೇಕು. ವಾಸ ಆರಂಭಿಸಿದ 14 ದಿನಗಳೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದನ್ನು ಮರೆಯಬೇಡಿ.

ಪ್ರಶ್ನಿಸಿದವರು (ಹಾಸನದ ಶಿಕ್ಷಕಿ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಬ್ಬಿಯ ಬಗ್ಗೆಯೂ ಆಗಸ್ಟ್ ಸಂಬಳದ ಬಗ್ಗೆಯೂ ಇಂದೇ ಸಂಸ್ಥೆಗೆ ಬರೆದಿದ್ದೇನೆ. ಮೂಡಿಗೆರೆಯ ಮೇಡಂ ಅವರಲ್ಲಿ ಇನ್ನೊಂದು ಪ್ರಶ್ನೆ: ಏಪ್ರಿಲ್‌ನಲ್ಲಿ ನಡೆಯುವ ಪ್ರವೇಶ ಸಮಾರಂಭಕ್ಕೆ ಸೀರೆ ಉಡಬಹುದೇ?

ಉತ್ತರ (ಮೂಡಿಗೆರೆ)

ಖಂಡಿತ ಉಡಬಹುದು, ಆದರೆ ಉಪ ಮುಖ್ಯೋಪಾಧ್ಯಾಯರನ್ನು ಮೊದಲು ಕೇಳಿಕೊಳ್ಳಿ. ಅಂದು ಹೆಚ್ಚಿನವರು ಕಪ್ಪು ಸೂಟಿನಲ್ಲಿ ಬರುತ್ತಾರೆ, ಕೆಲವು ಶಿಕ್ಷಕಿಯರು ಕಿಮೊನೊ ಧರಿಸುವುದೂ ಉಂಟು. ನಾನು ರೇಷ್ಮೆ ಸೀರೆ ಉಟ್ಟಾಗ ಯಾರೂ ಆಕ್ಷೇಪಿಸಲಿಲ್ಲ. ಸಮಾರಂಭ ನಡೆಯುವುದು ಶಾಲೆಯ ಜಿಮ್ನೇಷಿಯಂನಲ್ಲಿ, ಏಪ್ರಿಲ್‌ನಲ್ಲಿಯೂ ಅದರ ನೆಲ ಕೊರೆಯುತ್ತಿರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗಿನ ಪಾದರಕ್ಷೆ ಹಾಕಿಕೊಳ್ಳಬೇಕಾದ್ದರಿಂದ, ನಿಮ್ಮ ಅಳತೆಯದ್ದನ್ನು ಇಲ್ಲಿಂದಲೇ ಒಯ್ಯಿರಿ, ಸೀರೆಯನ್ನು ತುಸು ಎತ್ತರಕ್ಕೆ ಉಡಿ, ಒಳಗೆ ಉಣ್ಣೆಯ ಕಾಲುಚೀಲ ಇರಲಿ.