ಸಹಾಯ ಬೇಕು: ಬರ್ಕ್ಲಿ ಮ್ಯೂಸಿಯಂಗೆ ಅಪ್ಪನ ಜೊತೆ ಯಾರಾದರೂ ಹೋಗ್ತೀರಾ?

ಊರಿಂದ ಬಂದಿರುವ ಅಪ್ಪನಿಗೆ ಹಳೆಯ ಸಿನಿಮಾ ಅಂದ್ರೆ ಪ್ರಾಣ. ಮುಂದಿನ ವಾರ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಬ್ಯಾಂಪ್ಫಾ (ಕಲೆ ಮತ್ತು ಸಿನಿಮಾ ಸಂಗ್ರಹ) ಮ್ಯೂಸಿಯಂನಲ್ಲಿ ಸಿನಿಮಾ, ಚಿತ್ರಕಲೆ ಎರಡನ್ನೂ ನೋಡುವ ಆಸೆ ಅವರದು. ಅಪ್ಪ ಪ್ರೆಸ್‌ನಲ್ಲಿ ಅಚ್ಚುಮೊಳೆ ಜೋಡಿಸಿದವರು. ಈ ಮ್ಯೂಸಿಯಂ ಕಟ್ಟಡ ಮೊದಲು ವಿಶ್ವವಿದ್ಯಾಲಯದ ಛಾಪಾಖಾನೆ ಆಗಿತ್ತು, 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿನ ಪ್ರತಿಗಳು ಅಲ್ಲೇ ಅಚ್ಚಾಗಿದ್ದು ಅಂತ ತಿಳಿದ ಮೇಲಂತೂ ಅದೇ ಮಾತು!

ನನಗೆ ಸಂಜೆ ಪಾಳಿ, ರಜೆ ಸಿಗುತ್ತಿಲ್ಲ. ಡೌನ್‌ಟೌನ್ ಬರ್ಕ್ಲಿ ಬಾರ್ಟ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಆದರೆ ರಾತ್ರಿ ಶೋ ಮುಗಿಸಿ ಅವರು ಒಬ್ಬರೇ ಬರುವುದು ಬೇಡ ಅನ್ನಿಸುತ್ತೆ. ಫ್ರೀಮಾಂಟ್ ಕಡೆಯಿಂದ ಹೋಗುವವರು ಇದ್ದೀರಾ? ಮ್ಯೂಸಿಯಂ ತೆರೆದಿರುವ ಯಾವ ದಿನವಾದರೂ ಸರಿ, ಇಬ್ಬರ ಟಿಕೆಟ್ಟೂ ನನ್ನದೇ.

ಮತ್ತೆ, ಅವರಿಗೆ ಮಂಡಿನೋವು. 232 ಸೀಟಿನ ದೊಡ್ಡ ಥಿಯೇಟರಲ್ಲಿ ಮೆಟ್ಟಿಲು ಜಾಸ್ತಿನಾ? ನೋಡಿದವರು ದಯವಿಟ್ಟು ತಿಳಿಸಿ.