ಮಳೆಗಾಲದಲ್ಲಿ ಪದೇಪದೇ ಟ್ರಿಪ್ ಆಗುವ ಆರ್‌ಸಿಸಿಬಿಯನ್ನು ತೆಗೆಸಿಬಿಡಬಹುದೇ?

ಪ್ರಶ್ನೆ: ನಾಪೋಕ್ಲು ಬೆಳೆಗಾರ

ನಮಸ್ಕಾರ. ನಾಪೋಕ್ಲು ಸಮೀಪದ ತೋಟದಲ್ಲಿರುವ ನಮ್ಮ ಹೆಂಚಿನ ಮನೆಯ ಹಳೆಯ ಫ್ಯೂಸ್‌ಗಳನ್ನು ನಾಲ್ಕು ವರ್ಷಗಳ ಹಿಂದೆ ತೆಗೆಸಿ, ಎಂಟು ಎಂಸಿಬಿಗಳೂ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಕಡಿಯುವ, ಅಂದರೆ ಟ್ರಿಪ್ ಆಗುವ ಸ್ವಿಚ್) 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ಟ್ರಿಪ್ ಆಗುವ ಸ್ವಿಚ್) ಇರುವ ಡಿಬಿಯನ್ನು (ಮನೆಯ ಲೈನ್‌ಗಳೆಲ್ಲ ಕವಲೊಡೆಯುವ ಪೆಟ್ಟಿಗೆ) ಹಾಕಿಸಿದೆವು. ಬೇಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತೆಂದರೆ ಆರ್‌ಸಿಸಿಬಿ ದಿನಕ್ಕೆ ನಾಲ್ಕೈದು ಬಾರಿ ಟ್ರಿಪ್ ಆಗುತ್ತದೆ, ಅದರಲ್ಲೂ ಗೀಸರ್ ಹಾಕಿದ ಕೂಡಲೇ. ಹೊಸ ಗೀಸರ್ ತಂದರೂ ಬದಲಾವಣೆಯಿಲ್ಲ. ಇದಲ್ಲದೆ, 3 ಕಿಲೋವ್ಯಾಟ್‌ನ ಆ ಗೀಸರಿಗಿರುವ 16 ಆಂಪಿಯರ್ ಎಂಸಿಬಿಯೂ ಕೆಲವು ದಿನ ಟ್ರಿಪ್ ಆಗುತ್ತದೆ. ಕೆಲಸಕ್ಕೆ ಬಂದವರು ಆರ್‌ಸಿಸಿಬಿಯನ್ನು ತೆಗೆದು ನೇರವಾಗಿ ಕೊಡೋಣ, ಎಂಸಿಬಿಯನ್ನು 32ಕ್ಕೆ ಏರಿಸೋಣ ಎನ್ನುತ್ತಾರೆ. ಮನೆಯಲ್ಲಿ ವಯಸ್ಸಾದ ತಾಯಿಯೂ ಇಬ್ಬರು ಮಕ್ಕಳೂ ಇರುವುದರಿಂದ ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವೈರಿಂಗ್ ಕೆಲಸ, ವಿರಾಜಪೇಟೆ

ಎರಡನ್ನೂ ಮಾಡಿಸಬೇಡಿ. ಮೊದಲು ಎಂಸಿಬಿಯ ವಿಷಯ ಹೇಳುತ್ತೇನೆ. ಎಂಸಿಬಿ ಇರುವುದು ಗೀಸರನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. ನಿಮ್ಮ ಗೀಸರಿಗೆ 2.5 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ, 32 ಆಂಪಿಯರ್ ಎಂಸಿಬಿ ಟ್ರಿಪ್ ಆಗುವ ಹೊತ್ತಿಗೆ ಆ ವೈರಿನ ಹೊದಿಕೆ ಮೆತ್ತಗಾಗಿರುತ್ತದೆ. ಹಳೆಯ ಮನೆಯ ಮರದ ಅಟ್ಟದ ಮೇಲೆ ಅದು ಬೆಂಕಿಗೆ ದಾರಿ.

ನನ್ನದೊಂದು ಅನುಮಾನವಿದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಅದೇ ಲೈನಿಗೆ ರೂಮ್ ಹೀಟರ್ ಹಾಕುತ್ತೀರಾ? 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ, 2 ಕಿಲೋವ್ಯಾಟ್ ಹೀಟರ್ ಸುಮಾರು 8.7 ಆಂಪಿಯರ್. ಎರಡೂ ಸೇರಿದರೆ 21.7 ಆಗುತ್ತದೆ. ಇಷ್ಟು ಹೆಚ್ಚಳಕ್ಕೆ ಎಂಸಿಬಿ ತಕ್ಷಣ ಟ್ರಿಪ್ ಆಗುವುದಿಲ್ಲ, ಏಕೆಂದರೆ ಅದರೊಳಗಿನ ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗುವುದಕ್ಕೆ ಸಮಯ ಬೇಕು. ಶಾರ್ಟ್ ಸರ್ಕ್ಯೂಟ್ ಆದಾಗ ಕಣ್ಣು ಮಿಟುಕಿಸುವುದರೊಳಗೆ ಕಡಿಯುವುದು ಅದರಲ್ಲೇ ಇರುವ ಬೇರೊಂದು ಭಾಗ, ಅಯಸ್ಕಾಂತದ ಸುರುಳಿ. ಹೀಟರ್ ಇಲ್ಲದ ದಿನವೂ ಟ್ರಿಪ್ ಆದರೆ ಎಂಸಿಬಿಯ ತಿರುಪು ಸಡಿಲವಾಗಿದೆಯೇ ಎಂದು ನೋಡಿಸಿ. ಸಡಿಲ ಜೋಡಣೆಯ ಶಾಖವೂ ಆ ಪಟ್ಟಿಯನ್ನು ಬಾಗಿಸುತ್ತದೆ. ಹೀಟರಿಗೆ ಬೇರೆ ಲೈನ್, ಬೇರೆ ಎಂಸಿಬಿ ಮಾಡಿಸುವುದೇ ಸರಿಯಾದ ಪರಿಹಾರ.

ಉತ್ತರ 2: ನಿವೃತ್ತ ಐಟಿಐ ಬೋಧಕ, ಮಡಿಕೇರಿ

ಮೇಲಿನವರು ಹೇಳಿದ್ದು ಸರಿಯಾಗಿದೆ. ಆರ್‌ಸಿಸಿಬಿ ಲೋಡ್ ಎಷ್ಟಿದೆ ಎಂದು ನೋಡುವುದೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದಷ್ಟೇ ನೋಡುತ್ತದೆ. ಮರಳದೆ ಉಳಿದದ್ದು ನೆಲಕ್ಕೋ ಒದ್ದೆ ಗೋಡೆಗೋ ಮನುಷ್ಯನ ಮೈಗೋ ಹರಿದಿರುತ್ತದೆ. 30 ಮಿಲಿಆಂಪಿಯರ್ ಎಂದು ಬರೆದಿರುವ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು, ಅದು ದೋಷವಲ್ಲ. ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಆರ್‌ಸಿಸಿಬಿಯನ್ನು ತೆಗೆದರೆ ಸೋರಿಕೆ ಹಾಗೆಯೇ ಉಳಿದು, ನಿಮಗೆ ತಿಳಿಸುವ ಸಾಧನ ಮಾತ್ರ ಹೋಗುತ್ತದೆ.

ಗೀಸರ್ ಬದಲಾಯಿಸಿದರೂ ತೊಂದರೆ ಹೋಗಲಿಲ್ಲ ಎಂದಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನ್ಯೂಟ್ರಲ್ ವೈರ್ ಎಲ್ಲಾದರೂ ಅರ್ಥಿಂಗನ್ನೋ ಒದ್ದೆ ಗೋಡೆಯನ್ನೋ ತಾಗಿದ್ದರೆ, ಮರಳಿ ಬರುವ ಕರೆಂಟಿನ ಒಂದು ಪಾಲು ಆ ದಾರಿಯಲ್ಲಿ ಜಾರಿಹೋಗುತ್ತದೆ. ಲೋಡ್ ಕಡಿಮೆ ಇದ್ದಾಗ ಆ ಪಾಲೂ ಕಡಿಮೆ. ಗೀಸರಿನಂಥ ದೊಡ್ಡ ಲೋಡ್ ಬಂದಾಗ ಆ ಪಾಲು ಹೆಚ್ಚಿ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಹೀಗೆ ತಪ್ಪು ಮಾಡದ ಗೀಸರಿನ ಮೇಲೆ ದೂರು ಬರುತ್ತದೆ. ಇದಕ್ಕಾಗಿ ಗೀಸರುಗಳನ್ನು ಬದಲಾಯಿಸಿದ ಎಷ್ಟೋ ಮನೆಗಳನ್ನು ನಾನು ಕಂಡಿದ್ದೇನೆ.

ಸಾಮಾನ್ಯ ಎಂಸಿಬಿ ಫೇಸ್ ವೈರನ್ನು ಮಾತ್ರ ಕಡಿಯುವುದರಿಂದ, ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹುಡುಕಿದರೆ ಈ ದೋಷ ಸಿಗುವುದಿಲ್ಲ. ಮೇನ್ ಆಫ್ ಮಾಡಿಸಿ, ನ್ಯೂಟ್ರಲ್ ಲಿಂಕ್‌ನಿಂದ (ಡಿಬಿಯಲ್ಲಿ ನ್ಯೂಟ್ರಲ್ ವೈರ್‌ಗಳೆಲ್ಲ ಸೇರುವ ಪಟ್ಟಿ) ಪ್ರತಿ ಲೈನಿನ ನ್ಯೂಟ್ರಲನ್ನು ಬಿಡಿಸಿ, ಆ ಲೈನಿನ ಉಪಕರಣಗಳನ್ನೆಲ್ಲ ಕಳಚಿ, 500 ವೋಲ್ಟ್ ಮೆಗ್ಗರ್‌ನಿಂದ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಉಪಕರಣ) ಅರ್ಥಿಂಗಿಗೆ ಹಿಡಿದು ಅಳೆಸಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಲೈನನ್ನು ಬಿಡದೆ ಪರೀಕ್ಷಿಸಿ. ಈ ಕೆಲಸವನ್ನು ಪರವಾನಗಿ ಇರುವವರಿಂದಲೇ, ಮಳೆ ಬರುತ್ತಿರುವ ದಿನವೇ ಮಾಡಿಸಬೇಕು. ಒಣಗಿದ ಮೇಲೆ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಉತ್ತರ 3: ಸೋಮವಾರಪೇಟೆ ಓದುಗ

ನಮ್ಮಲ್ಲಿ ಕಣದ ದೀಪ, ಸೌದೆ ಕೊಟ್ಟಿಗೆ ಮತ್ತು ಕಾರ್ಮಿಕರ ಲೈನ್ ಮನೆಗಳಿಗೆ ಎಳೆದ ವೈರ್‌ಗಳು ಮನೆಯೊಳಗಿನ ಆರ್‌ಸಿಸಿಬಿಯ ಮೇಲೆಯೇ ಇದ್ದವು. ಅವುಗಳಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದ ಮೇಲೆ, ಹೊರಗೆ ನೀರು ಸೇರಿದರೂ ಮನೆಯೊಳಗೆ ಕತ್ತಲಾಗುವುದು ನಿಂತಿತು. ಎರಡು ಆರ್‌ಸಿಸಿಬಿಗಳ ನ್ಯೂಟ್ರಲ್ ಲಿಂಕ್‌ಗಳೂ ಬೇರೆಬೇರೆಯಾಗಿರಬೇಕು, ಬೆರೆತರೆ ಎರಡೂ ಟ್ರಿಪ್ ಆಗುತ್ತವೆ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ನಾನು ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ.

ಪ್ರಶ್ನೆ ಕೇಳಿದವರಿಂದ, ಹನ್ನೊಂದು ದಿನಗಳ ನಂತರ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಹೀಟರ್ ಅದೇ ಲೈನಿನಲ್ಲಿದ್ದದ್ದು ನಿಜ, ಅದಕ್ಕೆ ಬೇರೆ ಲೈನ್ ಎಳೆಸಿದೆವು. ನಿನ್ನೆ ಸುರಿಯುವ ಮಳೆಯಲ್ಲೇ ಮೆಗ್ಗರ್ ಹಿಡಿಸಿದಾಗ ಏಳು ಲೈನ್‌ಗಳು ಸರಿಯಿದ್ದು, ಸೌದೆ ಕೊಟ್ಟಿಗೆಯ ಲೈನ್ ಮಾತ್ರ ಸೊನ್ನೆಯ ಹತ್ತಿರ ತೋರಿಸಿತು. ಹೆಂಚು ಒಡೆದ ಜಾಗದ ಕೆಳಗಿನ ಜಂಕ್ಷನ್ ಬಾಕ್ಸ್‌ನಲ್ಲಿ ನೀರು ನಿಂತು, ಟೇಪು ಬಿಚ್ಚಿಕೊಂಡ ನ್ಯೂಟ್ರಲ್ ಕಬ್ಬಿಣದ ಪೈಪಿಗೆ ತಾಗಿತ್ತು. ಆ ಲೈನನ್ನು ಸದ್ಯಕ್ಕೆ ಪೂರ್ತಿ ಬಿಡಿಸಿಟ್ಟಿದ್ದೇವೆ; ರಾತ್ರಿಯಿಡೀ ಮಳೆ ಬಂದರೂ ಆರ್‌ಸಿಸಿಬಿ ಒಮ್ಮೆಯೂ ಟ್ರಿಪ್ ಆಗಲಿಲ್ಲ.